ಸಮುದ್ರ ನೋಡಿದ ತಪ್ಪಿಗೆ

ಯಡ್ತರೆಯ ಭೋಜರಾಜ ಶೆಟ್ಟರಿಗೆ ಗದ್ದೆ ಇತ್ತು, ಎತ್ತು ಇತ್ತು. ಆದರೂ ಸ್ಟಿಯರಿಂಗ್ ಹಿಡಿದರೆ ಮಾತ್ರ ಅವರಿಗೆ ಉಂಡದ್ದು ಮೈಗೆ ಹತ್ತುವುದು. ಬೈಂದೂರು-ಕುಂದಾಪುರ ಬಸ್ಸಿಗೆ ಅವರು ಡ್ರೈವರ್, ಈ ಕುಷ್ಟ, ಅಂದರೆ ನಾನು, ಕಂಡಕ್ಟರ್. ಹತ್ತು ವರ್ಷ, ದಿನಕ್ಕೆ ನಾಲ್ಕು ಸಲ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ನದಿ, ಇನ್ನೊಂದು ಬದಿ ಸಮುದ್ರ. ಅಲ್ಲಿಗೆ ಬಂದರೆ ಶೆಟ್ಟರ ಮಾತು ನಿಲ್ಲುತ್ತಿತ್ತು, ಬಸ್ಸು ತಾನಾಗಿ ನಿಧಾನವಾಗುತ್ತಿತ್ತು. ನನಗೆ ಅದೆಲ್ಲ ಬೇಕಿರಲಿಲ್ಲ. ಬಗ್ಗಿಸಿದ ತಲೆ ಎತ್ತದೆ ಟಿಕೆಟ್ ಹರಿಯುವವನು ನಾನು.

೧೯೬೯ರ ಒಂದು ಸಂಜೆ ಅದೇ ಮರವಂತೆಯಲ್ಲಿ ಬಸ್ಸು ಮೆಲ್ಲಗೆ, ತೂಕಡಿಸಿದವರಿಗೂ ಎಚ್ಚರವಾಗದ ಹಾಗೆ, ಮರಳಿಗೆ ಇಳಿದು ನಿಂತಿತು. ತಲ್ಲೂರಿನ ನಾಗು ಎಂಬಾಕೆಯ ಮೊಟ್ಟೆ ಬುಟ್ಟಿ ಮಾತ್ರ ಹೋಯಿತು. ಆದರೆ ಒಳಗೊಬ್ಬ ಪೊಲೀಸ್ ಅಧಿಕಾರಿ ಕೂತಿದ್ದರು. ಶನಿ ಹೆಗಲೇರಿದರೆ ಹೀಗೆಯೇ. ಆರು ತಿಂಗಳಿಗೆ ಶೆಟ್ಟರ ಲೈಸೆನ್ಸ್ ಅಮಾನತಾಯಿತು.

ಮಂಗಳೂರಿಗೆ ಅಪೀಲು ಹಾಕಿದೆವು. ನಾಗರಹಾವು ಅಡ್ಡ ಬಂತು, ಅದನ್ನು ತಪ್ಪಿಸಲು ಬಸ್ಸು ತಿರುಗಿಸಿದರು ಎಂದು ಬರೆಸಿದವನು ನಾನೇ. ನಮ್ಮ ಕಡೆ ನಾಗನ ಮೇಲೆ ಚಕ್ರ ಹತ್ತಿಸು ಎನ್ನುವ ಗಂಡು ಹುಟ್ಟಿಲ್ಲ. ಶೆಟ್ಟರು ಸಹಿ ಹಾಕಿದರು. ಸುದ್ದಿ ಊರೆಲ್ಲ ಹಬ್ಬಿತು. ವಿಚಾರಣೆಗೆ ಹೊರಟ ದಿನ ನೋಡಿದರೆ, ಬಸ್ಸು ಇಳಿದ ಜಾಗದಲ್ಲಿ ಯಾರೋ ನಾಗನ ಕಲ್ಲು ನೆಟ್ಟು ಅರಸಿನ ಹಚ್ಚಿದ್ದರು. ಬಸ್ಸಿನ ಜನರೆಲ್ಲ ಕೈಮುಗಿದರು.

"ಎಂತ ಮಾಡ್ದೆ ಕುಷ್ಟ?" ಎಂದ ಶೆಟ್ಟರು ಕಲ್ಲು ಮರೆಯಾಗುವವರೆಗೆ ತಿರುಗಿ ತಿರುಗಿ ನೋಡಿದರು.

ಕಚೇರಿಯಲ್ಲಿ ನಾನು ಹಾವಿನ ಹೆಡೆಯನ್ನೂ ವರ್ಣಿಸಿದೆ. ಅಧಿಕಾರಿ ತಲೆದೂಗಿ ಪೆನ್ನಿನ ಮುಚ್ಚಳ ತೆಗೆದರು. ಆಗ ಶೆಟ್ಟರು ಎದ್ದು ನಿಂತರು.

"ಹಾವ್ ಇರ್ಲಿಲ್ಲೆ ಸ್ವಾಮಿ. ನಾನ್ ಸಮುದ್ರ ಕಾಂತಾ ಇದ್ದಿದ್ದೆ."

ಅಪೀಲು ಬಿದ್ದುಹೋಯಿತು. ಹೊರಗೆ ಬಂದು ನಾನು ಕುದಿದುಬಿಟ್ಟೆ. "ಹ್ವಾಯ್ ಶೆಟ್ರೆ, ನಿಮ್ಗ್ ಮಂಡೆ ಸಮ ಇತ್ತಾ? ಕೈಗ್ ಬಂದದ್ದನ್ನ ಬಿಟ್ರಿಯಲೆ!"

"ನಾಗನ್ ಹೆಸ್ರಲ್ ಸುಳ್ಳ್ ಹೇಳಿ, ದಿನಾ ಆ ಕಲ್ಲಿನ್ ಎದ್ರ್ ಹ್ಯಾಂಗಾ ಬಸ್ ಬಿಡುದ್?" ಎಂದರು.

ಆರು ತಿಂಗಳ ಮೇಲೆ ಲೈಸೆನ್ಸ್ ಬಂತು, ಬಸ್ಸು ಬರಲಿಲ್ಲ. "ಹಾವ್ ಕಂಡವ್ನಿಗೆ ಬಸ್ ಕೊಡ್ಲಕ್. ಸಮುದ್ರ ಕಾಂಬವ್ನಿಗೆ ಹ್ಯಾಂಗ್ ಕೊಡುದ್?" ಎಂದುಬಿಟ್ಟರು ಬಸ್ಸಿನ ಧಣಿ ಲೀಲಾಧರರು. ಸುಳ್ಳು ಹೇಳಿದ ನನ್ನ ಕೂದಲೂ ಕೊಂಕಲಿಲ್ಲ, ನಿಜ ಹೇಳಿದವರ ಕೆಲಸ ಹೋಯಿತು.

ಈಗ ಶೆಟ್ಟರು ಕೆರಾಡಿಯ ಕಾಡಿನಿಂದ ಮರದ ಲಾರಿ ಓಡಿಸುತ್ತಾರೆ. ಅಲ್ಲಿ ಎತ್ತ ನೋಡಿದರೂ ಮರವೇ. ಕುಂದಾಪುರದಲ್ಲಿ ಸಿಕ್ಕಿದರೆ ಮನೆಮಕ್ಕಳ ಸುದ್ದಿಗಿಂತ ಮೊದಲು ಕೇಳುವುದು ಒಂದೇ: "ಇವತ್ತ್ ಹ್ಯಾಂಗ್ ಇದ್ದಿತಾ?"

ಹೇಳಬೇಕಲ್ಲ. ಅದಕ್ಕಾಗಿ ಮರವಂತೆ ಬಂದರೆ ಟಿಕೆಟ್ ಪುಸ್ತಕ ಕಂಕುಳಿಗೆ ಸೇರಿಸಿ ಸಮುದ್ರದ ಕಡೆಯ ಕಿಟಕಿಗೆ ಬಗ್ಗುತ್ತೇನೆ. ಕೆಲವು ದಿನ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಸ್ಟಾಪು ಕೂಗುವುದು ಮರೆತುಹೋಗಿ, ಇಳಿಯಬೇಕಾದವರು ಬೈಯುತ್ತಾರೆ. ಬೈಯಲಿ. ಸಂಜೆ ಶೆಟ್ಟರು ಲಾರಿಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಾರೆ. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಒಂದು ಮಾತೂ ಸೇರಿಸುವುದಿಲ್ಲ.