ಒಂದು ಸೂಜಿ ಕಡಿಮೆ

ದರ್ಜಿಗೆ ಸೂಜಿ ಹೊಸದಲ್ಲ. ಆದರೂ ತಾಯಿಯಿಲ್ಲದ ಮಗಳಿಗೆ ಎರಡನೇ ಕ್ಲಾಸಿನಲ್ಲೇ ಸಕ್ಕರೆ ಕಾಯಿಲೆ ಬಂದು, ಮೊದಲ ಸಲ ಇನ್ಸುಲಿನ್ ಸೂಜಿ ಹಿಡಿದಾಗ ಎರಡು ಸಲ ಕೆಳಗಿಟ್ಟಿದ್ದ. ಆಮೇಲೆ ಕೈ ಪಳಗಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ ಅವಳನ್ನು ಕೂರಿಸಿಕೊಳ್ಳುತ್ತಿದ್ದ. ಎರಡು ಸೀಸೆ: ನೀರಿನಂಥದ್ದು ಬೇಗ ಕೆಲಸ ಮಾಡುವುದು, ಹಾಲಿನಂಥದ್ದು ನಿಧಾನದ್ದು. ಹಾಲಿನದನ್ನು ಅಂಗೈಗಳ ನಡುವೆ ಉರುಳಿಸಿ, ಮೊದಲು ನೀರು, ಆಮೇಲೆ ಹಾಲು ಎಂದು ಒಂದೇ ಸಿರಿಂಜಿಗೆ ಎಳೆದುಕೊಂಡರೆ ಒಂದೇ ಸೂಜಿಗೆ ಮುಗಿಯುತ್ತಿತ್ತು.

“ಅಪ್ಪ, ನನಗೆ ಇಷ್ಟೊಂದು ಕಾಜಾ ಹಾಕಿದ್ದೀಯ, ಒಂದು ಗುಂಡೀನೂ ಹೊಲಿದಿಲ್ವಲ್ಲ,” ಎಂದು ಸೂಜಿಯ ತೂತುಗಳನ್ನು ತೋರಿಸಿ ಮಗಳು ಕಾಲೆಳೆಯುತ್ತಿದ್ದಳು.

ಅವಳು ದೊಡ್ಡವಳಾದಳು, ಮದುವೆಯಾಯಿತು, ಬಸುರಿಯಾದಳು. ಗಂಡ ಲಾರಿ ಹತ್ತಿ ಊರೂರು ಸುತ್ತುವವನು. ಹಾಗಾಗಿ ಅಪ್ಪನ ಬಳಿಯೇ ಇದ್ದಳು. ನಿದ್ದೆಯಲ್ಲಿ ಸಕ್ಕರೆ ಕುಸಿದು ಬೆವರಿನಿಂದ ತೊಯ್ದುಹೋಗುತ್ತಿದ್ದಳು. ಹಾಲಿನ ಔಷಧಿ ನಡುವೆ ಒಮ್ಮೆ ಜೋರು ಮಾಡಿ ಸಕ್ಕರೆ ಇಳಿಸುತ್ತದೆ, ಈ ಹೊಸ ಇನ್ಸುಲಿನ್ ದಿನವಿಡೀ ಒಂದೇ ಸಮ ಕೆಲಸ ಮಾಡುತ್ತದೆ ಎಂದು ಡಾಕ್ಟರಮ್ಮ ಬದಲಿಸಿಕೊಟ್ಟರು. ಇದನ್ನು ನೀರಿನಂಥದ್ದರ ಜೊತೆ ಬೆರೆಸಬಾರದು, ಬೇರೆ ಬೇರೆ ಚುಚ್ಚಬೇಕು ಎಂದು ನರ್ಸ್ ಹೇಳಿಯೂ ಹೇಳಿದಳು.

ಹೊಸದೂ ನೀರಿನಂತೆ ತಿಳಿಯಾಗಿತ್ತು. ನಿಧಾನದ್ದು ಹೀಗಿರುವುದು ದರ್ಜಿಯ ಮನಸ್ಸಿಗೆ ಒಗ್ಗಲಿಲ್ಲ. ಬಸುರಿ ಹುಡುಗಿಗೆ ಇನ್ನೊಂದು ಸೂಜಿ ಯಾಕೆ ಎಂದುಕೊಂಡ. ಎರಡನ್ನೂ ಒಂದೇ ಸಿರಿಂಜಿಗೆ ಎಳೆದ. ಒಳಗೆ ಔಷಧಿ ಮೋಡ ಕವಿದಂತೆ ಬೆಳ್ಳಗಾಯಿತು. ಅವನಿಗೆ ಜೀವ ಬಂದಂತಾಯಿತು.

“ನೋಡು ಮಗಳೇ, ಹಾಲಾಯ್ತು. ಈಗ ಸರಿಹೋಯ್ತು.”

ಮಗಳು ನಕ್ಕು ತೋಳು ಚಾಚಿದಳು.

ಅಲ್ಲಿಂದ ಸಕ್ಕರೆ ಹಿಡಿತಕ್ಕೆ ಸಿಗಲಿಲ್ಲ. ಡಾಕ್ಟರಮ್ಮ ಅಳತೆ ಏರಿಸಿದರು, ಇಳಿಸಿದರು, ಊಟ ವಿಚಾರಿಸಿದರು. ಹೇಗೆ ಚುಚ್ಚುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಷ್ಟು ವರ್ಷ ಪಳಗಿದ ಕೈ ಅದು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು.

ಆಸ್ಪತ್ರೆಯಿಂದ ಕಳಿಸುವ ಮುಂಚೆ, ಒಮ್ಮೆ ನನ್ನೆದುರು ಇನ್ಸುಲಿನ್ ಹಾಕಿ ಎಂದಳು ನರ್ಸ್. ದರ್ಜಿ ಒಂದು ಸೀಸೆಯಿಂದ ಎಳೆದು ಅದೇ ಸಿರಿಂಜನ್ನು ಇನ್ನೊಂದಕ್ಕೆ ಚುಚ್ಚುವಷ್ಟರಲ್ಲಿ ಅವಳು ಕೈ ಹಿಡಿದಳು.

“ಬೆರೆತರೆ ತಾನೇ ಹಾಲಾಗೋದು?” ಎಂದ ಅವನು.

ಬೆಳ್ಳಗಾದರೆ ಕೆಟ್ಟಿತು ಎಂದೇ ಅರ್ಥ, ಆಮೇಲೆ ಅದು ಯಾವಾಗ ಎಷ್ಟು ಕೆಲಸ ಮಾಡುತ್ತದೋ ಹೇಳಲಾಗದು ಎಂದು ನರ್ಸ್ ಮೆಲ್ಲಗೆ ಹೇಳಿದಳು. ಮಗು ಹೋಗಿದ್ದು ಇದರಿಂದಲೇನಾ ಎಂದು ದರ್ಜಿ ಡಾಕ್ಟರಮ್ಮನನ್ನು ಕೇಳಿದ. ಇದರಿಂದಲೇ ಎನ್ನಲಾಗದು, ಅಲ್ಲ ಎನ್ನಲೂ ಆಗದು ಎಂದರು ಅವರು. ಮಂಚದ ಮೇಲಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿದಳು.

ಮನೆಗೆ ಬಂದ ಸಂಜೆ ಅವಳು ಇಸ್ತ್ರಿ ಮೇಜಿನ ಪಕ್ಕ ಕೂತು ತೋಳು ಚಾಚಿದಳು.

“ಎರಡು ಸಲ ಚುಚ್ಚಪ್ಪ.”

“ನನ್ನ ಕೈಗೆ ಕೊಡಬೇಡ ಕಂದಾ.”

“ಮತ್ಯಾರ ಕೈಗೆ ಕೊಡ್ಲಿ?”

ಒಂದು ಚುಚ್ಚಿದ. ಎರಡನೆಯದಕ್ಕೆ ಕೈ ಏಳಲಿಲ್ಲ. ಅವಳೇ ಸಿರಿಂಜು ತೆಗೆದುಕೊಂಡು ಚುಚ್ಚಿಕೊಂಡಳು. ಕಾಜಾದ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.