ಹಳೆಯ ಎಂಜಿನ್ನನ್ನೂ ಜೊತೆಗೇ ಕೊಟ್ಟಿದ್ದೆ

ಎಂಜಿನ್ ಬದಲಾಯಿಸಿದ್ದನ್ನು ಮುಚ್ಚಿಟ್ಟು ನಾನು ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಒಂದನ್ನು ಮಾರಿದೆನೆಂದು, ಹಳೆಯ ವಾಹನಗಳ ಸಂಗ್ರಾಹಕರ ಸಂಘವೊಂದು ತನ್ನ ಮುನ್ನೂರು ಚಿಲ್ಲರೆ ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಬರೆಯಿತು. ಬರೆಯುವ ಮೊದಲು ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಆಗ 2022. ಯಲಹಂಕದ ಆಚೆಯ ತೋಟಗಾರಿಕೆ ಫಾರಂ ಒಂದರ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು, ಫೋರ್‌ಮನ್ ಆಗಿ ನಿವೃತ್ತನಾಗಿದ್ದೆ. ಕೋಗಿಲಿನ ನಮ್ಮ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ ಹಳೆಯ ಯಂತ್ರಗಳನ್ನು ಸರಿಪಡಿಸುವುದು ನಿವೃತ್ತಿಯ ನಂತರದ ಕೆಲಸ. ಆರ್.ಟಿ. ನಗರದ ಗುಜರಿ ಅಂಗಡಿಯೊಂದರಲ್ಲಿ ಆ ಟ್ರ್ಯಾಕ್ಟರ್ ಕಣ್ಣಿಗೆ ಬಿತ್ತು. ಗಾರ್ಡನ್ ಟ್ರ್ಯಾಕ್ಟರ್ ಎಂದರೆ ಹೊಲ ಉಳುವ ಟ್ರ್ಯಾಕ್ಟರಲ್ಲ. ಹುಲ್ಲು ಕತ್ತರಿಸಲು, ಗಿಡಗಳ ಸಾಲುಗಳ ನಡುವೆ ಸಣ್ಣ ಟ್ರೇಲರ್ ಎಳೆಯಲು ಬಳಸುವ ಪುಟ್ಟ ಗಾಡಿ. ಇದು ಐವತ್ತು ವರ್ಷಕ್ಕೂ ಹಳೆಯದು, ಹೊರದೇಶದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು, ಎಂಜಿನ್ನಿನ ಹೊಟ್ಟೆಯನ್ನೇ ಒಡೆದುಕೊಂಡು ಹೊರಬಂದಿತ್ತು. ಬೆಸುಗೆ ಹಾಕಿ ಉಳಿಸುವ ಸ್ಥಿತಿ ಅದಲ್ಲ.

ಅಷ್ಟೇ ಶಕ್ತಿಯ, ಒಂದೇ ಸಿಲಿಂಡರಿನ ಬೇರೆ ಎಂಜಿನ್ ಹುಡುಕಿ ತಂದೆ. ಶಾಫ್ಟಿನ ದಪ್ಪ ಸರಿಹೊಂದಿತು, ಎತ್ತರ ಹದಿನೆಂಟು ಮಿಲಿಮೀಟರ್ ಕಡಿಮೆ ಬಿತ್ತು. ಅದಕ್ಕೆಂದು ಉಕ್ಕಿನ ತಟ್ಟೆ ಕೊರೆಸಿ ಎಂಜಿನ್ನಿನ ಕೆಳಗೆ ಕೊಟ್ಟೆ. ಬಾನೆಟ್ ಮುಚ್ಚಲು ಅಡ್ಡಬಂದ ಸೈಲೆನ್ಸರಿನ ಕೊಳವೆಯನ್ನು ಮೂರು ಸಲ ಬಗ್ಗಿಸಿ ನೋಡಬೇಕಾಯಿತು. ಹನ್ನೊಂದು ತಿಂಗಳು ಹಿಡಿಯಿತು.

ಕೊಂಡವರು ರಾಜಾನುಕುಂಟೆಯಲ್ಲಿ ತೋಟದ ಮನೆ ಕಟ್ಟಿಸಿದ್ದ, ನಲವತ್ತರ ಆಸುಪಾಸಿನ ಲೇಔಟ್ ವ್ಯವಹಾರಸ್ಥರು. ಹೆಸರು ನನಗೆ ಚೆನ್ನಾಗಿ ನೆನಪಿದೆ, ಬರೆಯುವುದಿಲ್ಲ. ಎಂಜಿನ್ ಬೇರೆಯದು ಎಂದು ಅವರಿಗೆ ಬಾಯಿಯಲ್ಲಿ ಹೇಳಿದೆ. ಸೀಟಿನ ಕೆಳಗೆ ಅದನ್ನೇ ಕೆತ್ತಿಸಿದ ಅಲ್ಯೂಮಿನಿಯಂ ಫಲಕವನ್ನು ರಿವೆಟ್ ಹೊಡೆದು ಕೂರಿಸಿದ್ದೆ, ಅದನ್ನೂ ತೋರಿಸಿದೆ. ಬಿಚ್ಚಿದ ಹಳೆಯ ಭಾಗವನ್ನು ಮಾಲೀಕರಿಗೆ ಒಪ್ಪಿಸುವುದು ನಮ್ಮ ಕಸುಬಿನ ಪದ್ಧತಿ. ಆದ್ದರಿಂದ ಒಡೆದ ಎಂಜಿನ್ನನ್ನೂ ಟೆಂಪೋಗೆ ಹೇರಿಸಿಕೊಂಡು ಹೋಗಿ ಅವರ ಅಂಗಳದಲ್ಲಿ ಇಳಿಸಿ ಬಂದೆ. ಫಾರಂನಲ್ಲಿದ್ದಾಗ ಇಂಥದ್ದಕ್ಕೆ ಸಹಿ ಪಡೆಯದೆ ಬಿಟ್ಟವನಲ್ಲ. ಅಂದು ಮಾತ್ರ, ಪುಕ್ಕಟೆ ಕೊಟ್ಟ ಕಬ್ಬಿಣಕ್ಕೆ ಸಹಿ ಕೇಳಲು ಸಂಕೋಚವಾಯಿತು.

ಮರುವರ್ಷ ಹೆಬ್ಬಾಳದ ಬಳಿ ಸಂಘದ ಪ್ರದರ್ಶನ ನಡೆಯಿತು. ಪರೀಕ್ಷಿಸಿದವರು ಎಂಜಿನ್ ಮೂಲದ್ದಲ್ಲ ಎಂದಾಗ, ಮಾಲೀಕರು ತಮಗೆ ಮೂಲ ಎಂಜಿನ್ ಎಂದೇ ಹೇಳಿ ಮಾರಲಾಗಿತ್ತು ಎಂದರಂತೆ. ಸೀಟಿನ ಕೆಳಗೆ ಫಲಕವೂ ಇರಲಿಲ್ಲವಂತೆ. ಸಂಜೆಯೊಳಗೆ ಗುಂಪಿನಲ್ಲಿ ನನ್ನ ಹೆಸರು ಬಂತು, ನನ್ನಿಂದ ಏನನ್ನೂ ಕೊಳ್ಳುವಾಗ ಎಚ್ಚರವಿರಲಿ ಎಂಬ ಸಾಲಿನೊಂದಿಗೆ.

ನಾಲ್ಕನೆಯ ದಿನ ಯಶವಂತಪುರದ ಗೃಹಸ್ಥರೊಬ್ಬರು ಟೋಯಿಂಗ್ ಗಾಡಿ ತಂದರು. ಅವರ ತಂದೆಯ ಕಾಲದ ಜೀಪು ನನ್ನ ಶೆಡ್ಡಿನಲ್ಲಿ ಅರ್ಧ ಬಿಚ್ಚಿದ ಸ್ಥಿತಿಯಲ್ಲಿತ್ತು.

"ಬೇಜಾರ್ ಮಾಡ್ಕೋಬೇಡಿ ಸಾರ್, ನಂಗೇನಿಲ್ಲ. ಮನೇಲಿ ಬೇಡ ಅಂತಾರೆ" ಎಂದರು. ಬಿಚ್ಚಿಟ್ಟ ಬೋಲ್ಟುಗಳನ್ನು ಒಂದೊಂದಾಗಿ ಚೀಟಿ ಕಟ್ಟಿ ಅವರ ಕೈಗೆ ಕೊಟ್ಟೆ. ಅವರು ಚೀಟಿಗಳನ್ನು ಓದಲಿಲ್ಲ.

ಸಂಘದ ಕಾರ್ಯದರ್ಶಿಯ ಮನೆಗೆ ಮೂರು ಸಲ ಹೋದೆ. ಮೊದಲ ಸಲ ಅವರು ಪೂಜೆಯಲ್ಲಿದ್ದರು, ಎರಡನೆಯ ಸಲ ಊಟಕ್ಕೆ ಕೂತಿದ್ದರು; ಎರಡು ಸಲವೂ ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದರು. ಮೂರನೆಯ ಸಲ ನಾನು ಕೇಳಿದ್ದು ಒಂದೇ: ನನ್ನ ಜೊತೆ ರಾಜಾನುಕುಂಟೆಗೆ ಬನ್ನಿ, ಹಳೆಯ ಎಂಜಿನ್ ಅಲ್ಲಿಲ್ಲದಿದ್ದರೆ ನಾನು ಮತ್ತೆ ನಿಮ್ಮ ಮನೆಗೆ ಬರುವುದಿಲ್ಲ. ಅವರು ಬಂದರು.

ಮಾಲೀಕರು ಕಾಫಿ ಕೊಟ್ಟು ಉಪಚರಿಸಿದರು. "ಯಾವ ಹಳೇ ಎಂಜಿನ್ ಅಂಕಲ್? ನಂಗೇನೂ ಕೊಟ್ಟಿಲ್ವಲ್ಲ" ಎಂದರು. ಟ್ರ್ಯಾಕ್ಟರ್ ನಿಲ್ಲಿಸಿದ್ದ ಶೆಡ್ಡಿನಲ್ಲಿ ಹುಡುಕಿದೆ, ಪಂಪ್ ಹೌಸಿನಲ್ಲಿ ಹುಡುಕಿದೆ, ಇರಲಿಲ್ಲ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಇನ್ನು ಹತ್ತು ನಿಮಿಷದಲ್ಲಿ ಅವರು ಕಾರು ಹತ್ತಿದ್ದರೆ ನನ್ನ ಮಾತಿಗೆ ಯಾವ ಆಧಾರವೂ ಉಳಿಯುತ್ತಿರಲಿಲ್ಲ.

ಗಿಡಗಳಿಗೆ ನೀರು ಹಾಯಿಸುತ್ತಿದ್ದ ಮುನಿಯಮ್ಮ ಎಂಬ ಕೆಲಸದಾಕೆ ಪೈಪು ಕೆಳಗಿಟ್ಟು ಹತ್ತಿರ ಬಂದಳು.

"ಏನ್ ಉಡುಕ್ತಿದೀಯ ತಾತ? ನೀನು ಟೆಂಪೋದಾಗೆ ತಂದು ಆಕ್ಬುಟ್ಟು ಓದ್ಯಲ್ಲ, ಅದಾ? ಪೋರ್ಟಿಕೋದಾಗೆ ಐತಲ್ಲ. ಅದನ್ನ ಎತ್ತಿಡಾಕೆ ನಾಕ್ ಜನ ಬೇಕಾಯ್ತು."

ಮುಂಬಾಗಿಲ ಪಕ್ಕದಲ್ಲಿ ಹಸಿರು ಬಣ್ಣ ಬಳಿದ ಎಂಜಿನ್, ಅದರ ಮೇಲೆ ಕ್ರೋಟನ್ ಗಿಡದ ಕುಂಡ. ಒಳಗೆ ಬರುವಾಗ ಮೂವರೂ ಅದನ್ನು ದಾಟಿಯೇ ಬಂದಿದ್ದೆವು. ನಾನೇ ಕುಂಡ ಇಳಿಸಿದೆ. ಒಡೆದ ಭಾಗವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದರು. ಬಣ್ಣದ ಅಡಿಯಲ್ಲೂ ಅಂಕಿಗಳು ಸ್ಪಷ್ಟವಾಗಿದ್ದವು. ಟ್ರ್ಯಾಕ್ಟರಿನ ಚಾಸಿಯ ಮೇಲೆ ತಯಾರಕರು ನಮೂದಿಸಿದ್ದ ಎಂಜಿನ್ ಸಂಖ್ಯೆಯೊಂದಿಗೆ ಪ್ರತಿ ಅಂಕಿಯೂ ತಾಳೆಯಾಯಿತು.

"ಏನ್ರೀ ಇದು? ಇಲ್ಲೇ ಇದ್ಯಲ್ಲ" ಎಂದರು ಕಾರ್ಯದರ್ಶಿ.

"ಕುಂಡ ಇಡೋಕೆ ಏನೋ ಒಂದು ಬೇಕಿತ್ತು ಸಾರ್. ಮರ್ತೇ ಹೋಗಿತ್ತು. ಆ ಪ್ಲೇಟೂ ಅಷ್ಟೇ, ಫೋಟೋಗೆ ಚೆನ್ನಾಗ್ ಕಾಣ್ತಿರ್ಲಿಲ್ಲ ಅಂತ ತೆಗೆಸ್ದೆ" ಎಂದರು ಮಾಲೀಕರು.

"ಮೋಸ ಮಾಡೋನು ಸಾಕ್ಷೀನ ಟೆಂಪೋದಲ್ಲಿ ಹೇರ್ಕೊಂಡು ತಂದುಕೊಡ್ತಾನಾ?" ಎಂದು ಕೇಳಿದೆ.

ಹಿಂದಿರುಗುವಾಗ ಕಾರಿನಲ್ಲಿ ಕಾರ್ಯದರ್ಶಿ, "ನಿಜ ಗೊತ್ತಾಯ್ತಲ್ಲ ಸಾರ್, ದೊಡ್ಡದು ಮಾಡ್ಬೇಡಿ" ಎಂದರು. ಅಂದೇ ಗುಂಪಿನಿಂದ ಆ ಬರಹ ಮಾಯವಾಯಿತು. ಅದರ ಜಾಗದಲ್ಲಿ ಇನ್ನೇನೂ ಬರಲಿಲ್ಲ. ಜೀಪೂ ಹಿಂದಿರುಗಲಿಲ್ಲ.

ಇಷ್ಟು ವರ್ಷ ವೃತ್ತಿಯಲ್ಲಿ ಪಾಲಿಸಿದ ನಿಯಮವನ್ನು ಒಮ್ಮೆಯೂ ಬಿಡಬಾರದೆಂದು ಈ ಒಂದು ಪ್ರಕರಣ ಕಲಿಸಿತು: ಪ್ರಾಮಾಣಿಕವಾಗಿ ಒಪ್ಪಿಸಿದರೆ ಸಾಲದು, ಒಪ್ಪಿಸಿದ್ದಕ್ಕೆ ಸಹಿಯನ್ನೂ ಪಡೆಯಬೇಕು. ಸಂಕೋಚಪಟ್ಟದ್ದು ನನ್ನ ತಪ್ಪು. ಅದನ್ನು ಇಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದೇನೆ. ಸಂಘದ ಪದಾಧಿಕಾರಿಗಳೇ, ನಾನು ಕಳ್ಳನೆಂದು ಬರೆಯಲು ನಿಮಗೆ ಒಂದು ಸಂಜೆ ಸಾಕಾಯಿತು; ಅದೇ ಮುನ್ನೂರು ಜನರ ಮುಂದೆ, ನನ್ನ ಹೆಸರು ಹಾಕಿಯೇ, ತಪ್ಪು ನಮ್ಮದು ಎಂದು ಬರೆಯಲು ನಿಮಗೆ ಇನ್ನೆಷ್ಟು ವರ್ಷ ಬೇಕು?