ಮುಂಡಪ್ಪನವರು ಲಿಥಾರಿಗೆ ಎರಡನೇ ಸಲ ಹೋದದ್ದು

ಬಹರೈನಿನ ಬುಸೈತೀನ್‌ನ ನಮ್ಮ ಕಟ್ಟಡದಲ್ಲಿ ನೀರು ಬರುವುದು ನಿಂತರೆ ಯಾರೂ ವಾಚ್‌ಮನ್‌ನನ್ನು ಕರೆಯುವುದಿಲ್ಲ. ಎರಡನೇ ಮಹಡಿಯ ಮುಂಡಪ್ಪನವರ ಬಾಗಿಲು ಬಡಿಯುತ್ತಾರೆ. ಅವರು ಲುಂಗಿ ತೆಗೆದು ಪ್ಯಾಂಟು ಹಾಕಿಕೊಂಡು ಕೆಳಗಿಳಿದು, ಪಂಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ. "ಬೇರಿಂಗ್ ಹೋಗಿದೆ ಮಾರಾಯ್ರೆ" ಎನ್ನುತ್ತಾರೆ. ಹೆಚ್ಚಿನ ಸಲ ಅದೇ ಹೋಗಿರುತ್ತದೆ.

ಹೆಜಮಾಡಿ ಕಡೆಯ ಈ ಮನುಷ್ಯ ಬಹರೈನಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಹಿದ್ದ್‌ನಲ್ಲಿ ಹಡಗು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಪಂಪ್ ಫಿಟ್ಟರ್ ಆಗಿ ಸೇರಿ, ಈಗ ಫೋರ್‌ಮನ್. ಹೆಂಡತಿ ಚೆನ್ನು ಇಲ್ಲೇ ಒಂದು ನರ್ಸರಿಯಲ್ಲಿ ಆಯಾ. ಮಗಳು ಯಶ್ಮಿತಾ ಮದುವೆಯಾಗಿ ಹಮದ್ ಟೌನ್‌ನಲ್ಲಿದ್ದಾಳೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಊರಿಗೆ ಹೋಗಿ ಬರುವುದು ಬಿಟ್ಟರೆ ಗಂಡ ಹೆಂಡತಿ ಹೋದ ವರ್ಷದವರೆಗೆ ಬೇರೆ ಎಲ್ಲಿಗೂ ಹೋದವರಲ್ಲ. ಆದರೆ ಮುಂಡಪ್ಪ ಒಬ್ಬರೇ ಒಮ್ಮೆ ಗ್ರೀಸ್ ದೇಶದ ಒಂದು ಸಣ್ಣ ದ್ವೀಪದಲ್ಲಿ ತೊಂಬತ್ತೊಂದು ದಿನ ಇದ್ದರು. ಅದು ಹೋಗಿದ್ದಲ್ಲ, ಸಿಕ್ಕಿಬಿದ್ದದ್ದು.

2020ರ ಮಾರ್ಚ್ ತಿಂಗಳು. ಹಿದ್ದ್‌ನಲ್ಲಿ ರಿಪೇರಿಗೆ ಬಂದ ಹಡಗೊಂದರ ಪಂಪಿನ ಕೆಲಸ ಪೂರ್ತಿಯಾಗುವ ಮೊದಲೇ ಅದು ಹೊರಡಬೇಕಾಯಿತು. ದಾರಿಯಲ್ಲಿ ಕೆಲಸ ಮುಗಿಸಿ, ಗ್ರೀಸ್‌ನಲ್ಲಿ ಇಳಿದು ವಿಮಾನದಲ್ಲಿ ವಾಪಸ್ ಬಾ ಎಂದು ಕಂಪನಿ ಮುಂಡಪ್ಪನವರನ್ನು ಹಡಗು ಹತ್ತಿಸಿತು. ಹಡಗು ಸೂಯೆಜ್ ದಾಟುವಷ್ಟರಲ್ಲಿ ಕೊರೋನಾದಿಂದಾಗಿ ಬಂದರುಗಳು ಮುಚ್ಚಿದವು. ಲಿಥಾರಿ ಎಂಬ ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಿಂತರು. ದ್ವೀಪದಲ್ಲಿ ಇನ್ನೂರು ಚಿಲ್ಲರೆ ಜನ. ಬಾವಿ ಇಲ್ಲ, ಹೊಳೆ ಇಲ್ಲ. ಕುಡಿಯುವ ನೀರೆಲ್ಲ ಸಮುದ್ರದ ನೀರಿನ ಉಪ್ಪು ತೆಗೆಯುವ ಒಂದು ಯಂತ್ರದಿಂದ ಬರಬೇಕು. ಆ ಯಂತ್ರದ ದೊಡ್ಡ ಪಂಪು ಅದೇ ವಾರ ಕೆಟ್ಟಿತು. ಅಥೆನ್ಸ್‌ನಿಂದ ಯಾರೂ ಬರುವಂತಿರಲಿಲ್ಲ. ಬಂದರಿನ ಪೊಲೀಸ್ ರೇಡಿಯೋದಲ್ಲಿ, ಪಂಪು ಗೊತ್ತಿದ್ದವರು ಇದ್ದಾರಾ ಎಂದು ಹಡಗಿನವರನ್ನು ಕೇಳಿದ. ಕ್ಯಾಪ್ಟನ್ ಮುಂಡಪ್ಪನವರ ಕಡೆ ಕೈ ತೋರಿಸಿದ.

ಪಂಪ್‌ಹೌಸ್ ಪಕ್ಕದ ಕೋಣೆಯಲ್ಲಿ ಇಳಿಸಿ, ಹದಿನಾಲ್ಕು ದಿನ ಯಾರನ್ನೂ ಮುಟ್ಟಬಾರದು ಎಂದರು. ನೀರಿನ ಯಂತ್ರ ನೋಡಿಕೊಳ್ಳುತ್ತಿದ್ದ ಸ್ತಾಮಾತಿಸ್ ಎಂಬವನು ಹತ್ತು ಮೀಟರ್ ದೂರದಲ್ಲಿ ಸ್ಟೂಲು ಹಾಕಿ ಕೂತು, ಬೇಕಾದ ಸಾಮಾನನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ. ಅವನ ತಾಯಿ ಕಲ್ಲಿಯೋಪಿ ಗೋಡೆಯ ಮೇಲೆ ಬುತ್ತಿ ಇಟ್ಟು ಹೋಗುತ್ತಿದ್ದಳು. ಐದನೇ ದಿನ ನೀರು ಬಂತು. ಆರನೇ ದಿನ ಹಡಗಿಗೆ ಹೊರಡಲು ಆರ್ಡರ್ ಬಂತು. ಹದಿನಾಲ್ಕು ದಿನ ಆಗದೆ ಬಿಡುವುದಿಲ್ಲ ಎಂದು ಪೊಲೀಸ್ ಪಟ್ಟು ಹಿಡಿದ. ಹಡಗು ಹೋಯಿತು, ಮುಂಡಪ್ಪ ಉಳಿದರು. ಜೂನ್ ಕೊನೆಗೆ ವಿಮಾನ ಸಿಗುವವರೆಗೂ ಅವರಿಗೆ ಸ್ತಾಮಾತಿಸ್‌ನ ಮನೆಯೇ ಮನೆ. ಇಬ್ಬರದ್ದೂ ಹರಕು ಇಂಗ್ಲಿಷ್. ಅದು ಸಾಕಾಗುತ್ತಿತ್ತು.

ಈ ಕತೆಯನ್ನು ಮುಂಡಪ್ಪ ನಮಗೆಲ್ಲ ಎಷ್ಟೋ ಸಲ ಹೇಳಿದ್ದಾರೆ. ಹೇಳಲು ಶುರು ಮಾಡಿದೊಡನೆ ಚೆನ್ನಕ್ಕ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಪಾತ್ರೆ ತೊಳೆಯಲಿಕ್ಕಿರುತ್ತದೆ ಎಂದು ನಾವು ತಿಳಿದುಕೊಂಡಿದ್ದೆವು.

ಬಹರೈನಿಗೆ ಮರಳಿದ ಮೇಲೂ ಸ್ತಾಮಾತಿಸ್‌ನ ಮೆಸೇಜು ವಾರಕ್ಕೊಂದು ಬರುತ್ತಿತ್ತು: ಮೀನಿನ ಫೋಟೋ, ತಾಯಿಯ ಫೋಟೋ, ಪಂಪಿನ ಶಬ್ದದ ರೆಕಾರ್ಡಿಂಗ್. ಹೋದ ವರ್ಷ ಫೆಬ್ರವರಿಯಲ್ಲಿ ಅದು ನಿಂತಿತು. ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಆಗಸ್ಟ್‌ವರೆಗೆ ಕಾದು ಮುಂಡಪ್ಪ ರಜೆಗೆ ಬರೆದರು.

"ಊರಿಗೆ ಹೋಗುವ ರಜೆ ಅದು," ಎಂದರು ಚೆನ್ನಕ್ಕ.

"ಅವನು ಬದುಕಿದ್ದಾನಾ ಇಲ್ವಾ ಅಂತ ಗೊತ್ತಾಗ್ಬೇಕಲ್ಲ. ಈ ಸಲ ನೀನೂ ಬಾ."

"ನಾನು ಎಂತಕ್ಕೆ?"

"ನೋಡ್ಲಿಕ್ಕೆ."

ಮೂರನೇ ದಿನ ಚೆನ್ನಕ್ಕ ತಮ್ಮ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರು.

ಯಶ್ಮಿತಾ ಫಾರ್ಮ್ ತುಂಬಿದಳು. ವೀಸಾ ಆಫೀಸಿನಲ್ಲಿ ಹುಡುಗಿಯೊಬ್ಬಳು ಹೋಗುವ ಉದ್ದೇಶವೇನೆಂದು ಕೇಳಿದಾಗ ಮುಂಡಪ್ಪ, "ಫ್ರೆಂಡ್ ಫೋನ್ ಎತ್ತುದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಅವಳು ತಲೆ ಎತ್ತಿ ಇಬ್ಬರನ್ನೂ ನೋಡಿ, ಪ್ರವಾಸ ಎಂದು ಬರೆದುಕೊಂಡಳಂತೆ.

ಅಕ್ಟೋಬರ್ ಮೊದಲ ವಾರ ಹೊರಟರು. ಅಥೆನ್ಸ್‌ನಿಂದ ಫೆರಿಯಲ್ಲಿ ಹನ್ನೊಂದು ಗಂಟೆಯ ಪ್ರಯಾಣ. ಲಿಥಾರಿಯಲ್ಲಿ ಇವರನ್ನು ಬಿಟ್ಟು ಇಳಿದವರು ಮೂವರು. ಸ್ತಾಮಾತಿಸ್ ಬಂದಿರಲಿಲ್ಲ. ಬರುವ ವಿಷಯ ಅವನಿಗೆ ಗೊತ್ತಿರಲೂ ಇಲ್ಲ. ಮುಂಡಪ್ಪ ಎರಡು ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಮೆಟ್ಟಿಲಾಗಿದ್ದ ಓಣಿ ಹತ್ತಿದರು. ನೀಲಿ ಬಾಗಿಲಿನ ಮುಂದೆ ಕಲ್ಲಿಯೋಪಿ ಬೀನ್ಸ್ ಬಿಡಿಸುತ್ತಾ ಕೂತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ಮುಂಡಾ!" ಎಂದು ಕೂಗಿ ಎದ್ದವಳ ಮಡಿಲಿನಿಂದ ಬೀನ್ಸೆಲ್ಲ ಚೆಲ್ಲಿತು.

ಮಗ ಎಲ್ಲಿ ಎಂದು ಕೇಳಿದರೆ ಸಮುದ್ರದ ಕಡೆ ಕೈ ಮಾಡಿದಳು. ಮುಂಡಪ್ಪ ಸೂಟ್‌ಕೇಸ್ ಅಲ್ಲೇ ಬಿಟ್ಟು ಸಮುದ್ರದ ಕಡೆ ತಿರುಗಿದರು. ಆಮೇಲೆ ಅವಳು ಬಲೆ ಎಳೆಯುವ ಹಾಗೆ ಮಾಡಿ ತೋರಿಸಿದಳು.

ಸ್ತಾಮಾತಿಸ್ ಮಧ್ಯಾಹ್ನ ಬಂದ. ಬಾಗಿಲಲ್ಲಿ ಮುಂಡಪ್ಪನವರನ್ನು ಕಂಡು ಅಲ್ಲೇ ನಿಂತ. ಅಪ್ಪಿಕೊಳ್ಳಲಿಲ್ಲ, ನಗಲಿಲ್ಲ. "ಬಾ" ಎಂದು ನೇರ ಪಂಪ್‌ಹೌಸಿಗೆ ಕರೆದುಕೊಂಡು ಹೋದ. ಅದಕ್ಕೆ ಬೀಗ ಹಾಕಿತ್ತು. ಪಕ್ಕದಲ್ಲಿ ಹೊಸದೊಂದು ಬಿಳಿ ಕಂಟೇನರ್ ಸಣ್ಣಗೆ ಸದ್ದು ಮಾಡುತ್ತಿತ್ತು.

"ಹೊಸ ಯಂತ್ರ. ಅಥೆನ್ಸ್‌ನಲ್ಲಿ ಕೂತು ಕಂಪ್ಯೂಟರ್‌ನಲ್ಲೇ ನಡೆಸುತ್ತಾರೆ. ನಾನು ಬೇಡವಂತೆ," ಎಂದ ಸ್ತಾಮಾತಿಸ್. "ಹಳೆಯದನ್ನು ಫೆಬ್ರವರಿಯಲ್ಲಿ ಗುಜರಿಯವರು ಕಡಿದು ತುಂಡು ಮಾಡಿ ತೆಗೆದುಕೊಂಡು ಹೋದರು. ನಿನ್ನ ಪಂಪನ್ನೂ. ಅದನ್ನು ನಿನಗೆ ಹೇಗೆ ಬರೆಯಲಿ? ಬರೆಯಲು ಆಗಲಿಲ್ಲ. ಆಮೇಲೆ ಫೋನ್ ಎತ್ತಲಿಕ್ಕೂ ನಾಚಿಕೆಯಾಯಿತು."

ಮುಂಡಪ್ಪ ಅವನನ್ನೇ ನೋಡಿದರು. "ಅಷ್ಟೇಯಾ?"

"ನೀನು ಐದು ದಿನ ನಿದ್ದೆ ಬಿಟ್ಟು ಮಾಡಿದ ಪಂಪು."

"ಪಂಪು ಬಿಡು ಮಾರಾಯಾ! ನನ್ನ ಕೈಯಿಂದಲೇ ಮುನ್ನೂರು ಪಂಪು ಗುಜರಿಗೆ ಹೋಗಿದೆ. ನೀನು ಸತ್ತು ಹೋದೆ ಅಂತ ನಾನು ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದೆ."

"ಸತ್ತಿದ್ದರೆ ಅಮ್ಮ ತಿಳಿಸುತ್ತಿದ್ದಳು."

"ನಿನ್ನ ಅಮ್ಮನ ಹತ್ತಿರ ಫೋನ್ ಉಂಟಾ?"

ಸ್ತಾಮಾತಿಸ್ ಯೋಚಿಸಿದ. "ಇಲ್ಲ."

ಅದಕ್ಕೆ ಇಬ್ಬರೂ ನಕ್ಕದ್ದು ಕೆಳಗಿನ ಕಾಫಿ ಅಂಗಡಿಯವರೆಗೂ ಕೇಳಿಸಿತಂತೆ. ಆಮೇಲೆ ಕಟ್ಟೆಯ ಮೇಲೆ ಕೂತು ಕೆಲಸದ ಮಾತು. ಸ್ತಾಮಾತಿಸ್‌ಗೆ ಐವತ್ತೆಂಟು, ಪಿಂಚಣಿಗೆ ಇನ್ನೂ ನಾಲ್ಕು ವರ್ಷ. ಅಲ್ಲಿಯವರೆಗೆ ಸೋದರತ್ತೆಯ ಮಗನ ದೋಣಿಯಲ್ಲಿ ಮೀನು ಹಿಡಿಯುವುದು. ಬೇಸರವಾಗುತ್ತದಾ ಎಂದು ಮುಂಡಪ್ಪ ಕೇಳಿದರು. ಬೆಳಿಗ್ಗೆ ಏಳುವಾಗ ಆಗುತ್ತದೆ, ದೋಣಿ ಹತ್ತಿದ ಮೇಲೆ ಇಲ್ಲ ಎಂದ ಅವನು.

ಆ ದ್ವೀಪದಲ್ಲಿ ಮಾಡಲು ಹೆಚ್ಚೇನಿಲ್ಲ. ಗಂಡಸರು ಬೆಳಿಗ್ಗೆ ದೋಣಿಯಲ್ಲಿ ಹೋಗುತ್ತಿದ್ದರು. ಚೆನ್ನಕ್ಕ ಕಲ್ಲಿಯೋಪಿಯ ಅಡುಗೆಮನೆ ಸೇರಿದರು. ಒಬ್ಬಳಿಗೆ ಗ್ರೀಕ್, ಇನ್ನೊಬ್ಬರಿಗೆ ತುಳು. ಮೀನು ತೊಳೆಯುವುದು ಹೀಗಲ್ಲ ಎಂದು ಪರಸ್ಪರ ಕೈ ಹಿಡಿದು ತೋರಿಸುವಷ್ಟು ಸಲಿಗೆ ಎರಡೇ ದಿನದಲ್ಲಿ ಬಂತು.

ಐದನೇ ದಿನ ಗಾಳಿ ಜೋರಾಗಿ ದೋಣಿ ಬೇಗ ಮರಳಿತು. ಮುಂಡಪ್ಪ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಕಿಟಕಿಯಿಂದ ಚೆನ್ನಕ್ಕನ ದನಿ ಕೇಳಿಸಿತು. ಅವರು ತುಳುವಿನಲ್ಲಿ ನಿಲ್ಲಿಸದೆ ಹೇಳುತ್ತಿದ್ದರು. ಇವರು ಇಲ್ಲಿ ಸಿಕ್ಕಿಬಿದ್ದ ವರ್ಷ ನರ್ಸರಿ ಮುಚ್ಚಿತ್ತು, ಮಗಳು ಆಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಮೇ ತಿಂಗಳಲ್ಲಿ ಜ್ವರ ಬಂದು ಒಂಬತ್ತು ದಿನ ಬಿಟ್ಟಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಸಂಜೆ ಇವರ ವಿಡಿಯೋ ಕಾಲ್ ಬರುವ ಮೊದಲು ಮುಖ ತೊಳೆದು, ತಲೆ ಬಾಚಿ, ದೀಪದ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಇವರು ಇಲ್ಲಿನ ಸಮುದ್ರ ತೋರಿಸಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಂದು ಪದವೂ ಅರ್ಥವಾಗದ ಕಲ್ಲಿಯೋಪಿ ನಡುನಡುವೆ "ನೇ, ನೇ" ಎನ್ನುತ್ತಿದ್ದಳು. ಗ್ರೀಕರಲ್ಲಿ ಅದಕ್ಕೆ ಹೌದು ಎಂದರ್ಥ.

ಮುಂಡಪ್ಪ ನಲ್ಲಿ ನಿಲ್ಲಿಸಿ, ಸದ್ದು ಮಾಡದೆ ಅಲ್ಲೇ ನಿಂತರು. ಮಾತು ಮುಗಿಯುವವರೆಗೆ ಒಳಗೆ ಹೋಗಲಿಲ್ಲ.

ಸಂಜೆ ಬಂದರಿನ ಕಡೆ ನಡೆಯುವಾಗ ಕೇಳಿದರು. "ಜ್ವರ ಬಂದದ್ದು ಯಾಕೆ ಹೇಳ್ಲಿಲ್ಲ ನೀನು?"

ಕೇಳಿಸಿಕೊಂಡಿರಾ ಎಂದು ಚೆನ್ನಕ್ಕ ಕೇಳಲಿಲ್ಲ. "ಹೇಳಿದ್ರೆ ಈಜಿಕೊಂಡು ಬರ್ತಿದ್ರಾ?"

"ಇಲ್ಲ."

"ಮತ್ತೆ?"

ಸ್ವಲ್ಪ ದೂರ ನಡೆದ ಮೇಲೆ ಚೆನ್ನಕ್ಕನೇ ಅಂದರು. "ನಿಮಗೆ ಅದು ಎಲ್ಲರಿಗೂ ಹೇಳುವ ಕತೆ. ಕೇಳ್ಲಿಕ್ಕೆ ನನಗೆ ಆಗ್ತಿರ್ಲಿಲ್ಲ."

"ನನಗೆ ಗೊತ್ತಾಗ್ಲಿಲ್ಲ ಚೆನ್ನು."

"ಈಗ ಗೊತ್ತಾಯ್ತಲ್ಲ," ಎಂದರು ಚೆನ್ನಕ್ಕ. ಇದನ್ನು ನನಗೆ ಹೇಳಿದ್ದು ಮುಂಡಪ್ಪನವರೇ. ಹೇಳುವಾಗ ಚೆನ್ನಕ್ಕ ಎದುರಿಗೇ ಕೂತಿದ್ದರು, ಅಡುಗೆಮನೆಗೆ ಹೋಗಲಿಲ್ಲ.

ಹತ್ತನೇ ದಿನ ಫೆರಿ ಹತ್ತಿದರು. ಕಲ್ಲಿಯೋಪಿ ಚೆನ್ನಕ್ಕನಿಗೆ ಒಣಗಿಸಿದ ಅಂಜೂರದ ಪೊಟ್ಟಣ ಕೊಟ್ಟು, ಕೆನ್ನೆ ಹಿಡಿದು ಏನೋ ಉದ್ದಕ್ಕೆ ಹೇಳಿದಳು. ಮಗನನ್ನು ಕೇಳಿದರೆ ಅವನು, "ಇವಳು ತುಂಬ ತೆಳ್ಳಗಿದ್ದಾಳಂತೆ" ಎಂದಷ್ಟೇ ಹೇಳಿದ. ಬಹರೈನಿಗೆ ಬಂದ ಮರುದಿನವೇ ಮುಂಡಪ್ಪ ಹಿದ್ದ್‌ಗೆ, ಚೆನ್ನಕ್ಕ ನರ್ಸರಿಗೆ.

ಸ್ತಾಮಾತಿಸ್ ಜನವರಿಯಲ್ಲಿ ಇವರನ್ನು ನೋಡಲು ಬಹರೈನಿಗೆ ಬಂದ. ತಾಯಿ ವಿಮಾನ ಹತ್ತಲು ಒಪ್ಪಲಿಲ್ಲವಂತೆ. ಶುಕ್ರವಾರ ಅವನನ್ನು ಮುಹರ್‍ರಕ್‌ನ ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಲು ಮುಂಡಪ್ಪ ನನ್ನ ಕಾರು ಕೇಳಿದರು, ನಾನೂ ಹೋದೆ. ಅಲ್ಲಿ ಅವನು ಹಾಮೂರ್ ಮೀನಿನ ಕಿವಿರು ಎತ್ತಿ ನೋಡಿ, ತಾಜಾ ಅಲ್ಲ ಎಂದು ಗ್ರೀಕಿನಲ್ಲಿ ವಾದಕ್ಕೆ ನಿಂತ. ಮೀನು ಮಾರುವ ಬಂಗಾಳಿ ಹಿಂದಿಯಲ್ಲಿ ತಾಜಾ ಎಂದು ಆಣೆ ಹಾಕುತ್ತಿದ್ದ. ಚೆನ್ನಕ್ಕ ನಡುವೆ ನುಗ್ಗಿ, ಪಕ್ಕದ ರಾಶಿಯಿಂದ ಬೇರೊಂದು ಮೀನು ಎತ್ತಿ ಇಬ್ಬರ ಮೂಗಿಗೂ ಹಿಡಿದರು. ಸ್ತಾಮಾತಿಸ್ ಮೂಸಿ, "ನೇ" ಎಂದ. ಅದನ್ನೇ ತೆಗೆದುಕೊಂಡೆವು.